ಅದು ಜೇಡಿಮಣ್ಣಲ್ಲ, ಬೆಂದ ಇಟ್ಟಿಗೆಯ ಪುಡಿ

ಮಾನ್ಯ ಸಂಪಾದಕರೇ,

ಮೇ ತಿಂಗಳ ಕೊನೆ ಬಂತು ಅಂದರೆ ನಿಮ್ಮ ಕ್ರೀಡಾಪುಟದಲ್ಲಿ ಒಂದು ಸಾಲು ಬಂದೇ ಬರುತ್ತದೆ. 'ಜೇಡಿಮಣ್ಣಿನ ಅಂಕಣದಲ್ಲಿ ನಡೆಯುವ ಫ್ರೆಂಚ್ ಓಪನ್' ಅಂತ. ಕೆಲವು ಸಲ 'ಆವೆಮಣ್ಣು' ಅಂತಲೂ ಬರೆಯುತ್ತೀರಿ. ಎಷ್ಟೋ ವರ್ಷಗಳಿಂದ ಓದುತ್ತಿದ್ದೇನೆ. ಈ ಸಲ ಪ್ಯಾರಿಸ್‌ನ ಆ ಟೆನಿಸ್ ಟೂರ್ನಿ ಶುರುವಾಗುವ ಮುಂಚೆಯೇ ಬರೆದುಬಿಡೋಣ ಅನ್ನಿಸಿತು. ಅದು ಜೇಡಿಮಣ್ಣಲ್ಲ. ಬೆಂದ ಇಟ್ಟಿಗೆಯ ಪುಡಿ. ಮಾಲೂರಿನವಳಾಗಿ ಈ ಮಾತು ನಾನು ಹೇಳದಿದ್ದರೆ ಇನ್ಯಾರು ಹೇಳಬೇಕು?

ನಮ್ಮೂರಿನ ಹೆಂಚು, ಇಟ್ಟಿಗೆ ವಿಷಯ ನಿಮಗೆ ಗೊತ್ತೇ ಇರುತ್ತದೆ. ನಮ್ಮ ತಂದೆ ಇಲ್ಲಿನ ಒಂದು ಹೆಂಚಿನ ಫ್ಯಾಕ್ಟರಿಯಲ್ಲಿ ಗೂಡು ನೋಡಿಕೊಳ್ಳುತ್ತಿದ್ದರು. ಬೆಂಕಿ ಎಷ್ಟಿರಬೇಕು, ಯಾವಾಗ ನಿಲ್ಲಿಸಬೇಕು, ಎಷ್ಟು ದಿನ ಆರಲು ಬಿಡಬೇಕು, ಎಲ್ಲ ಅವರದೇ ಜವಾಬ್ದಾರಿ. ಹೆಂಚನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿಯೇ ಬೆಂದಿದೆಯೋ ಇಲ್ಲವೋ ಹೇಳುತ್ತಿದ್ದರು. ಟೆನಿಸ್ ಅವರಿಗೆ ಏನೂ ಗೊತ್ತಿರಲಿಲ್ಲ.

1999ರ ಜೂನ್. ನಾನು ಆಗ ಪ್ರೈಮರಿ ಶಾಲೆಯ ಟೀಚರ್. ಮನೆಗೆ ಕೇಬಲ್ ಟಿವಿ ಬಂದು ವರ್ಷವಾಗಿತ್ತು ಅಷ್ಟೇ. ನನಗೆ ಸ್ಟೆಫಿ ಗ್ರಾಫ್ ಅಂದರೆ ಪ್ರಾಣ. ಮಹಿಳೆಯರ ಫೈನಲ್ ನೋಡಲು ಸಂಜೆಯ ಕೆಲಸವನ್ನೆಲ್ಲ ಬೇಗ ಮುಗಿಸಿ ಕೂತಿದ್ದೆ. ಎದುರಿಗೆ 18 ವರ್ಷದ ಮಾರ್ಟಿನಾ ಹಿಂಗಿಸ್. ಮೊದಲ ಸೆಟ್ ಗೆದ್ದು, ಎರಡನೆಯದರಲ್ಲೂ 2–0 ಮುಂದಿದ್ದಳು. ಅಷ್ಟರಲ್ಲಿ ಅವಳ ಒಂದು ಹೊಡೆತ ಗೆರೆಯಾಚೆ ಬಿತ್ತು ಅಂದರು. ಅವಳು ಒಪ್ಪಲಿಲ್ಲ. ನೆಟ್ ದಾಟಿ ಸ್ಟೆಫಿಯ ಕಡೆಗೆ ನಡೆದು ಹೋಗಿ, ಚೆಂಡು ಬಿದ್ದ ಗುರುತನ್ನು ತಾನೇ ನೋಡಿದಳು. ಹಾಗೆ ದಾಟಬಾರದು ಅನ್ನುವುದು ನಿಯಮ. ಅವಳಿಗೆ ಒಂದು ಪಾಯಿಂಟ್ ದಂಡ ಬಿತ್ತು. ಜನ ಕೂಗಲು ಶುರು ಮಾಡಿದರು.

ಟಿವಿಯಲ್ಲಿ ಆ ಗುರುತನ್ನು ಹತ್ತಿರದಿಂದ ತೋರಿಸಿದರು. ಬಾಗಿಲ ಹತ್ತಿರ ಕೂತಿದ್ದ ಅಪ್ಪ ಎದ್ದು ಬಂದು ಟಿವಿ ಮುಂದೆ ಬಗ್ಗಿ ನೋಡಿದರು. 'ಇದು ಹಸಿ ಮಣ್ಣಲ್ಲಮ್ಮ, ಬೆಂದಿದ್ದು' ಅಂದರು. ಜೇಡಿಮಣ್ಣಾಗಿದ್ದರೆ ಬೂಟಿಗೆ ಮೆತ್ತಿಕೊಳ್ಳಬೇಕಿತ್ತು, ಒಣಗಿದರೆ ಬಿರುಕು ಬಿಡಬೇಕಿತ್ತು, ಇದು ನೋಡು ಕಾಲು ಜಾರಿದ ಕಡೆಯೆಲ್ಲ ಪುಡಿ ಏಳುತ್ತಿದೆ, ಸುರ್ಕಿ ಇದ್ದ ಹಾಗೆ ಇದೆ ಅಂತ ವಿವರಿಸಿದರು. ಸುರ್ಕಿ ಅಂದರೆ ಇಟ್ಟಿಗೆ ಚೂರು ಕುಟ್ಟಿ ಮಾಡಿದ ಪುಡಿ. ಹಿಂದೆ ಗಾರೆಗೆ ಸುಣ್ಣದ ಜೊತೆ ಸೇರಿಸುತ್ತಿದ್ದರು. ನಾನು ನಂಬಲಿಲ್ಲ. ಪತ್ರಿಕೆಯಲ್ಲೇ ಜೇಡಿಮಣ್ಣು ಅಂತ ಬರೆದಿದ್ದಾರಲ್ಲ ಅಂದೆ. ಅವರು ಮತ್ತೆ ಬಾಗಿಲ ಹತ್ತಿರ ಹೋಗಿ ಕೂತರು. ಸ್ಟೆಫಿ 4–6, 7–5, 6–2ರಿಂದ ಗೆದ್ದಳು. ಅದು ಅವಳ 22ನೇ ಗ್ರ್ಯಾಂಡ್ ಸ್ಲಾಮ್ (ಟೆನಿಸ್‌ನ ನಾಲ್ಕು ದೊಡ್ಡ ಟೂರ್ನಿಗಳಿಗೆ ಹಾಗೆ ಅನ್ನುತ್ತಾರೆ), ಕೊನೆಯದೂ ಹೌದು. ನಾನು ಅತ್ತುಬಿಟ್ಟೆ. ಅಪ್ಪ ಹೇಳಿದ ಮಾತು ಆ ಸಂಭ್ರಮದಲ್ಲಿ ಮರೆತೇಹೋಯಿತು.

ಎಷ್ಟೋ ವರ್ಷಗಳ ನಂತರ ಆ ಅಂಕಣ ಕಟ್ಟುವ ಬಗೆಯನ್ನು ಓದಿದೆ. ತಳದಲ್ಲಿ ಕಲ್ಲು. ಅದರ ಮೇಲೆ ಜಲ್ಲಿ. ಆಮೇಲೆ ಕಲ್ಲಿದ್ದಲು ಉರಿದು ಉಳಿದ ಕಿಟ್ಟ. ಅದರ ಮೇಲೆ ಪುಡಿ ಮಾಡಿದ ಬಿಳಿ ಸುಣ್ಣದಕಲ್ಲು. ಇದೇ ನಿಜವಾದ ನೆಲ. ಎಲ್ಲಕ್ಕಿಂತ ಮೇಲೆ ಕೆಂಪು ಇಟ್ಟಿಗೆ ಪುಡಿ, ಒಂದೆರಡು ಮಿಲಿಮೀಟರ್ ಅಷ್ಟೇ! ನಾವು ರಂಗೋಲಿ ಸುತ್ತ ಕೆಮ್ಮಣ್ಣು ಬಳಿಯುತ್ತೇವಲ್ಲ, ಹೆಚ್ಚುಕಡಿಮೆ ಅಷ್ಟು ತೆಳ್ಳಗೆ. ದಿನವೂ ನೀರು ಚಿಮುಕಿಸಿ, ಬಲೆ ಎಳೆದು ಸಮ ಮಾಡುತ್ತಾರೆ. ಇದರ ಹುಟ್ಟಿನ ಬಗ್ಗೆ ಒಂದು ಕಥೆಯೂ ಇದೆ. 1880ರ ಸುಮಾರಿಗೆ ಫ್ರಾನ್ಸಿನ ಕ್ಯಾನ್ ಊರಿನಲ್ಲಿ ಬಿಸಿಲಿಗೆ ಹುಲ್ಲಿನ ಅಂಕಣ ಒಣಗಿಹೋಗುತ್ತಿತ್ತಂತೆ. ಇಂಗ್ಲೆಂಡಿನ ಟೆನಿಸ್ ಆಟಗಾರರಾದ ರೆನ್‌ಶಾ ಸಹೋದರರು ಒಡೆದ ಮಣ್ಣಿನ ಕುಂಡಗಳನ್ನು ಪುಡಿ ಮಾಡಿಸಿ ಅದರ ಮೇಲೆ ಹರಡಿಸಿದರಂತೆ. ಅಂದರೆ ಕುಂಬಾರರ ಗೂಡಿನಿಂದ ಬಂದ ಸರಕು.

ಅಪ್ಪ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಅದನ್ನು ಓದುವ ಹೊತ್ತಿಗೆ ಅವರು ಇರಲಿಲ್ಲ. ಸಂಪಾದಕರೇ, ನೀವು ಬರೆಯುವ ಆ ಒಂದು ಪದದ ಬಗ್ಗೆ ನನಗೆ ಇಷ್ಟು ಹಟ ಯಾಕೆ ಅಂತ ಈಗ ಗೊತ್ತಾಯಿತು ಅಲ್ವಾ?

ಆಟವೂ ಈ ಪುಡಿಯಿಂದಲೇ ಬದಲಾಗುತ್ತದೆ. ಚೆಂಡು ನೆಲ ಮುಟ್ಟಿದಾಗ ವೇಗ ಕಳೆದುಕೊಳ್ಳುತ್ತದೆ, ಎತ್ತರಕ್ಕೆ ಪುಟಿಯುತ್ತದೆ. ಬರೀ ಜೋರು ಸರ್ವ್ ಇದ್ದರೆ ಇಲ್ಲಿ ಸಾಲದು. ಪೀಟ್ ಸಾಂಪ್ರಸ್ 14 ಗ್ರ್ಯಾಂಡ್ ಸ್ಲಾಮ್ ಗೆದ್ದರೂ ಪ್ಯಾರಿಸ್‌ನಲ್ಲಿ ಒಂದೂ ಗೆಲ್ಲಲಿಲ್ಲ. ರಫೆಲ್ ನಡಾಲ್ ಇಲ್ಲೊಂದರಲ್ಲೇ 14 ಸಲ ಗೆದ್ದರು. ಆಡಿದ 116 ಪಂದ್ಯಗಳಲ್ಲಿ ಸೋತಿದ್ದು ನಾಲ್ಕೇ ನಾಲ್ಕು. ಉಳಿದ ಮೂರು ದೊಡ್ಡ ಟೂರ್ನಿಗಳಲ್ಲಿ ಚೆಂಡು ಒಳಗೋ ಹೊರಗೋ ಅಂತ ಹೇಳುವುದು ಈಗ ಯಂತ್ರ. ಪ್ಯಾರಿಸ್‌ನಲ್ಲಿ 2025ರಲ್ಲೂ ಮನುಷ್ಯರೇ ಗೆರೆ ಕಾಯುತ್ತಿದ್ದರು. ಅನುಮಾನ ಬಂದರೆ ಅಂಪೈರ್ ಕುರ್ಚಿಯಿಂದ ಇಳಿದು ಬಂದು, ಗುರುತಿನ ಹತ್ತಿರ ಬಗ್ಗಿ ಬೆರಳು ತೋರಿಸುತ್ತಾರೆ. ನನಗೆ ಅದನ್ನು ನೋಡುವುದೇ ಒಂದು ಖುಷಿ.

ಆ ವರ್ಷ ಟೂರ್ನಿಯ ಮೊದಲ ದಿನ ನಡಾಲ್ ಅವರನ್ನು ಗೌರವಿಸಿದರು. ಅವರ ಕಾಲಿನ ಗುರುತನ್ನು ಫಲಕ ಮಾಡಿ ಸೆಂಟರ್ ಕೋರ್ಟ್‌ನಲ್ಲೇ ಇಟ್ಟಿದ್ದಾರೆ. ಅದನ್ನು ನೋಡಿದಾಗ ನನಗೆ ನಮ್ಮ ಇಟ್ಟಿಗೆ ಅಂಗಳ ನೆನಪಾಯಿತು. ಹಸಿ ಇಟ್ಟಿಗೆ ಒಣಗಲು ಬಿಟ್ಟಾಗ ನಾಯಿ ಮೇಲೆ ಓಡಾಡಿಬಿಡುತ್ತದೆ. ಬೆಂದ ಮೇಲೆ ಆ ಹೆಜ್ಜೆ ಹಾಗೇ ಉಳಿಯುತ್ತದೆ. ನಮ್ಮ ಹಿತ್ತಲ ಗೋಡೆಯಲ್ಲಿ ಅಂಥ ಇಟ್ಟಿಗೆ ಎರಡಿವೆ. ಅಪ್ಪ ಬೇಕೆಂದೇ ಹೆಜ್ಜೆ ಹೊರಗೆ ಕಾಣುವ ಹಾಗೆ ಇಡಿಸಿದ್ದರು.

ಇನ್ನು ನನ್ನ ಎರಡನೆಯ ಮಾತು. 2025ರ ಜೂನ್ 8ರ ಭಾನುವಾರ ಪುರುಷರ ಫೈನಲ್. ಅಲ್ಕರಾಜ್ ಮತ್ತು ಸಿನ್ನರ್. ನಮಗೆ ಸಂಜೆ ಆರೂವರೆ ಹೊತ್ತಿಗೆ ಶುರುವಾಯಿತು. ಶ್ರೀನಿವಾಸಪುರದಿಂದ ಬಂದ ಬಾದಾಮಿ ಮಾವು ಹೆಚ್ಚಿಟ್ಟುಕೊಂಡು ನಾನು, ಮಗಳು ಕೂತೆವು. ಮೂರನೇ ಸೆಟ್ ಮುಗಿಯುವಾಗ ಕರೆಂಟ್ ಹೋಯಿತು. ಮಗಳ ಮೊಬೈಲ್‌ನಲ್ಲಿ ಮುಂದುವರಿಸಿದೆವು. ನಾಲ್ಕನೇ ಸೆಟ್‌ನಲ್ಲಿ ಅಲ್ಕರಾಜ್ 3–5 ಹಿಂದೆ, ಅವನದೇ ಸರ್ವ್‌ನಲ್ಲಿ 0–40. ಸಿನ್ನರ್‌ಗೆ ಪ್ರಶಸ್ತಿಗೆ ಒಂದೇ ಪಾಯಿಂಟ್ ಬೇಕು, ಮೂರು ಅವಕಾಶ ಇದೆ. ಮೂರನ್ನೂ ಅಲ್ಕರಾಜ್ ಉಳಿಸಿಕೊಂಡ. ಆ ಸೆಟ್ ಗೆದ್ದ, ಐದನೆಯದನ್ನೂ ಗೆದ್ದ. ಮುಗಿದಾಗ ನಮ್ಮ ಗಡಿಯಾರದಲ್ಲಿ ಹನ್ನೆರಡು ದಾಟಿತ್ತು. 5 ಗಂಟೆ 29 ನಿಮಿಷ. ಈ ಟೂರ್ನಿಯ ಇತಿಹಾಸದಲ್ಲೇ ಇಷ್ಟು ಉದ್ದದ ಫೈನಲ್ ನಡೆದಿರಲಿಲ್ಲ. ಅದಕ್ಕೂ ಮುಂಚಿನ ದಾಖಲೆ 1982ರದು, 4 ಗಂಟೆ 42 ನಿಮಿಷ.

ಬೆಳಿಗ್ಗೆ ಪತ್ರಿಕೆಗಾಗಿ ಬಾಗಿಲಲ್ಲೇ ಕಾದಿದ್ದೆ. ನಮ್ಮೂರಿಗೆ ಬರುವ ಪ್ರತಿ ಬೇಗ ಅಚ್ಚಾಗುತ್ತದೆ, ಅದರಲ್ಲಿ ಫಲಿತಾಂಶ ಇರಲಿಲ್ಲ. ಅದಕ್ಕೆ ನನ್ನ ದೂರಿಲ್ಲ. ಪ್ಯಾರಿಸ್ ನಮಗಿಂತ ಮೂರೂವರೆ ಗಂಟೆ ಹಿಂದೆ ಇದೆ, ನೀವಾದರೂ ಏನು ಮಾಡುತ್ತೀರಿ? ಆದರೆ ಮಾರನೇ ದಿನ, ಮಂಗಳವಾರ, ಆ ಪಂದ್ಯಕ್ಕೆ ಸಿಕ್ಕಿದ್ದು ನಾಲ್ಕು ಸಾಲು. ಹಳೆಯ ಸುದ್ದಿ ಅಂತ ಬಿಟ್ಟಿರಬಹುದು. ಅದರ ಹಿಂದಿನ ವಾರ ಆರ್‌ಸಿಬಿ ಕಪ್ ಗೆದ್ದಿತ್ತು, ಮರುದಿನವೇ ಬೆಂಗಳೂರಿನ ಕಾಲ್ತುಳಿತದಲ್ಲಿ 11 ಜನ ಜೀವ ಕಳೆದುಕೊಂಡಿದ್ದರು. ಆ ಸುದ್ದಿಯ ಮುಂದೆ ಯಾವ ಆಟವೂ ದೊಡ್ಡದಲ್ಲ. ಪುಟಗಳು ಅದಕ್ಕೇ ಹೋಗಬೇಕಿತ್ತು, ಹೋದವು. ಆದರೆ ಕ್ರೀಡಾಪುಟದಲ್ಲಿ ಅವತ್ತು ಮುಂದಿನ ಕ್ರಿಕೆಟ್ ಪ್ರವಾಸದ ಊಹಾಪೋಹಕ್ಕೆ ಅರ್ಧ ಪುಟ ಇತ್ತು. ಅದನ್ನು ನೋಡಿ ಬೇಜಾರಾಯಿತು.

ನೀವು ಚೆನ್ನಾಗಿ ಬರೆಯಬಲ್ಲಿರಿ ಅಂತ ನನಗೆ ಗೊತ್ತು. 2017ರ ಜೂನ್ 8ರಂದು ಇದೇ ಪ್ಯಾರಿಸ್‌ನಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ ಮಿಶ್ರ ಡಬಲ್ಸ್ ಗೆದ್ದರಲ್ಲ, ಕೆನಡಾದ ಗೇಬ್ರಿಯೆಲಾ ಡಬ್ರೋಸ್ಕಿ ಜೊತೆ. ಮೊದಲ ಸೆಟ್ 2–6 ಸೋತು, ಎರಡನೆಯದು 6–2 ಗೆದ್ದು, ಕೊನೆಗೆ ಮೂರನೇ ಸೆಟ್ ಬದಲಿಗೆ ಆಡುವ ಟೈಬ್ರೇಕ್‌ನಲ್ಲಿ ಎರಡು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು 12–10. ಅದನ್ನು ನೀವು ಬರೆದ ರೀತಿಗೆ ನಾನು ಆ ಪುಟ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಶಾಲೆಯ ನೋಟಿಸ್ ಬೋರ್ಡಿಗೂ ಹಾಕಿದ್ದೆ. ಐದನೇ ಕ್ಲಾಸಿನ ಒಬ್ಬ ಹುಡುಗಿ ಅದನ್ನು ಓದಿ, ಟೆನಿಸ್ ಅಂದರೆ ಏನು ಮಿಸ್ ಅಂತ ಕೇಳಿದ್ದಳು. ನಮ್ಮೂರ ಮಕ್ಕಳಿಗೆ ಆ ಆಟ ಗೊತ್ತಾಗುವುದು ನಿಮ್ಮಿಂದಲೇ ಸ್ವಾಮಿ.

ಹಾಗಾಗಿ ಈ ಸಲ ಆ ಎರಡು ವಾರ ಕಾಲು ಪುಟ ಕೊಡಿ ಅಂತ ಕೇಳುತ್ತಿದ್ದೇನೆ. ಮಾರನೇ ದಿನ ಯಾರ ಪಂದ್ಯ, ನಮ್ಮ ಸಮಯಕ್ಕೆ ಎಷ್ಟು ಗಂಟೆಗೆ ಅನ್ನುವುದು ಇದ್ದರೆ ಸಾಕಷ್ಟು ಅನುಕೂಲ. ಹಗಲಿನ ಪಂದ್ಯಗಳು ನಮಗೆ ಮಧ್ಯಾಹ್ನ ಎರಡೂವರೆಗೇ ಶುರುವಾಗುತ್ತವೆ, ಮಕ್ಕಳೂ ನೋಡಬಹುದು. ರಾತ್ರಿ ತಡವಾಗಿ ಮುಗಿದದ್ದನ್ನು ಒಂದು ದಿನ ಬಿಟ್ಟಾದರೂ ಪೂರ್ತಿ ಬರೆಯಿರಿ. ಹಳತಾಯಿತು ಅಂತ ನಾವು ಬೇಸರ ಮಾಡಿಕೊಳ್ಳುವುದಿಲ್ಲ, ಸ್ಕೋರ್ ಮೊಬೈಲ್‌ನಲ್ಲಿ ಗೊತ್ತಾಗಿರುತ್ತದೆ. ಆಟ ಹೇಗೆ ನಡೆಯಿತು ಅಂತ ಕನ್ನಡದಲ್ಲಿ ಓದುವ ಆಸೆ ನಮ್ಮದು.

ಆ ಪದವನ್ನೂ ಬದಲಾಯಿಸಿ. 'ಇಟ್ಟಿಗೆ ಪುಡಿಯ ಅಂಕಣ' ಉದ್ದವಾಯಿತು ಅನ್ನಿಸಿದರೆ 'ಕೆಂಪು ಅಂಕಣ' ಅನ್ನಿ, ಅದೂ ತಪ್ಪಲ್ಲ. ಇನ್ನೂ ಅನುಮಾನ ಇದ್ದರೆ ನಿಮ್ಮ ಕ್ರೀಡಾ ವರದಿಗಾರರನ್ನು ಒಂದು ದಿನ ಮಾಲೂರಿಗೆ ಕಳಿಸಿ. ಅಂಗಳದಲ್ಲಿ ಒಂದು ಕಡೆ ಕೆರೆಯ ಜೇಡಿಮಣ್ಣು, ಇನ್ನೊಂದು ಕಡೆ ಕುಟ್ಟಿದ ಇಟ್ಟಿಗೆ ಪುಡಿ ಹರಡಿ, ಎರಡಕ್ಕೂ ನೀರು ಚಿಮುಕಿಸಿ ಇಟ್ಟಿರುತ್ತೇನೆ. ಒಂದು ಚೆಂಡು ತಂದರೆ ಸಾಕು.

ಇಂತಿ ನಿಮ್ಮ ಓದುಗಳು,
ನಿವೃತ್ತ ಶಿಕ್ಷಕಿ,
ಮಾಲೂರು, ಕೋಲಾರ ಜಿಲ್ಲೆ