ಕಿಟ್ ಮನೆಗೆ ಬಂತು, ರಿಪೋರ್ಟ್ ಯಾರು ನೋಡ್ತಾರೆ?

ಸಂಪಾದಕರೇ,

ಬಿಪಿ, ಶುಗರ್, ಕಿಡ್ನಿ ತೊಂದರೆ ಇವೆಲ್ಲ ಸದ್ದಿಲ್ದೇ ಬರೋ ಕಾಯಿಲೆಗಳು, ಕಾಲು ಊದ್ಕೊಂಡು ಸುಸ್ತಾಗಿ ಡಾಕ್ಟರ್ ಹತ್ರ ಹೋಗೋ ಹೊತ್ತಿಗೆ ಎಷ್ಟೋ ಸಲ ಕಿಡ್ನಿ ಬಹಳಷ್ಟು ಹಾಳಾಗಿರುತ್ತೆ. ಅದಕ್ಕೇ ಚೆನ್ನಾಗೇ ಓಡಾಡ್ಕೊಂಡಿರೋ ಜನರ ಮನೆಗೇ ಟೆಸ್ಟ್ ಕಿಟ್ ಕಳ್ಸೋದು ನಂಗೆ ತುಂಬಾ ಸರಿ ಅನ್ಸುತ್ತೆ. ನೆದರ್‌ಲ್ಯಾಂಡ್ಸ್‌ನಲ್ಲಿ 45ರಿಂದ 80 ವಯಸ್ಸಿನ ಸುಮಾರು 15 ಸಾವಿರ ಜನರ ಮೇಲೆ ಇದನ್ನ ಮಾಡಿ ನೋಡಿದ್ರು, ಅರ್ಧ ಜನಕ್ಕೆ ಮೂತ್ರದ ಸ್ಯಾಂಪಲ್ ಲ್ಯಾಬಿಗೆ ಪೋಸ್ಟ್ ಮಾಡೋ ಕಿಟ್, ಉಳಿದೋರಿಗೆ ಮೊಬೈಲ್ ಆ್ಯಪಲ್ಲಿ ಮನೇಲೇ ನೋಡ್ಕೊಳ್ಳೋದು. 2023ರಲ್ಲಿ ರಿಸಲ್ಟ್ ಬಂತು: ಪೋಸ್ಟ್ ಗುಂಪಲ್ಲಿ ಸುಮಾರು 59%, ಆ್ಯಪ್ ಗುಂಪಲ್ಲಿ 44% ಜನ ಭಾಗವಹಿಸಿದ್ರು. ಎಲ್ಲಾನೂ ಆ್ಯಪಿಗೇ ತುರುಕೋರು ಇದನ್ನ ದಯವಿಟ್ಟು ನೋಡ್ಬೇಕು.

ಇನ್ನೊಂದು ವಿಷಯ, ಈ ಕಿಟ್‌ಗಳು ಹುಡುಕೋ ಆಲ್ಬುಮಿನ್ (ಕಿಡ್ನಿಗೆ ಪೆಟ್ಟಾದ್ರೆ ರಕ್ತದಿಂದ ಮೂತ್ರಕ್ಕೆ ಸೋರೋ ಒಂದು ಪ್ರೋಟೀನ್) ಮೂತ್ರದಲ್ಲಿ ಒಂದ್ಸಲ ಜಾಸ್ತಿ ಬಂದ ತಕ್ಷಣ ಕಿಡ್ನಿ ಹೋಯ್ತು ಅಂತಲ್ಲ, ಜ್ವರ, ಮೂತ್ರದ ಇನ್ಫೆಕ್ಷನ್, ಜೋರು ವ್ಯಾಯಾಮ ಇದ್ರೂ ಏರುತ್ತೆ, 3 ತಿಂಗಳಾದ್ರೂ ಹಾಗೇ ಇದ್ರೆ ಮಾತ್ರ ದೀರ್ಘಕಾಲದ್ದು ಅಂತಾರೆ. ಬಿಪಿನೂ ಅಷ್ಟೇ, 5 ನಿಮಿಷ ಸುಮ್ನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ತೋಳು ಎದೆ ಮಟ್ಟಕ್ಕಿಟ್ಟು ಎರಡು ಸಲ ನೋಡ್ಬೇಕು, ಇದನ್ನ ಕಿಟ್ ಜೊತೆ ದೊಡ್ಡ ಅಕ್ಷರದಲ್ಲಿ ಚಿತ್ರ ಸಮೇತ ಯಾಕೆ ಕೊಡ್ಬಾರ್ದು?

ನಂಗೆ ನಿಜವಾದ ಭಯ ಇರೋದು ಟೆಸ್ಟ್ ಆದ್ಮೇಲಿಂದು. ಪಾಸಿಟಿವ್ ಅಂತ ಮೆಸೇಜ್ ಬಂದು ಫೋನ್ ಹಿಡ್ಕೊಂಡು ಕೂತೋರಿಗೆ ಮುಂದೇನು ಅಂತ ಹೇಳೋರೇ ಇಲ್ದಿದ್ರೆ ಗಾಬರಿ ಬಿಟ್ರೆ ಏನೂ ಸಿಗಲ್ಲ. ಯಾರು ಕರೆ ಮಾಡ್ತಾರೆ, ಎರಡನೇ ಟೆಸ್ಟ್ ಎಲ್ಲಿ, ಯಾವ ಡಾಕ್ಟರ್ ನೋಡ್ತಾರೆ, ಇದೆಲ್ಲ ಮೊದ್ಲ ಕಿಟ್ ಕಳ್ಸೋಕೆ ಮುಂಚೆನೇ ತೀರ್ಮಾನ ಆಗಿರ್ಬೇಕು.

ಒಬ್ಬ ಓದುಗ