ವರ್ಷದ ಕೊನೆಗೆ ಹನ್ನೆರಡು ಫೋಟೋ

ಮಾನ್ಯ ಸಂಪಾದಕರೇ,

ನಮಸ್ಕಾರ. ಪ್ರತಿ ಡಿಸೆಂಬರ್ ಕೊನೆಗೆ ಪತ್ರಿಕೆಗಳಲ್ಲಿ 'ವರ್ಷದ ಚಿತ್ರಗಳು' ಅಂತ ಒಂದೆರಡು ಪುಟ ಬರುತ್ತದೆ. ಪ್ರವಾಹ, ಚುನಾವಣೆ, ಕ್ರಿಕೆಟ್ ಕಪ್, ದಸರಾ ಅಂಬಾರಿ. ಅವು ಇರಲೇಬೇಕು, ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಆ ಪುಟ ನೋಡಿ ಮಡಚಿಟ್ಟ ಮೇಲೆ ಪ್ರತಿ ಸಲ ಅನ್ನಿಸುತ್ತದೆ, ಇದರಲ್ಲಿ ನಮ್ಮ ವರ್ಷ ಎಲ್ಲಿದೆ? ನಾವು ಬೆಳಗ್ಗೆ ಎದ್ದು, ನೀರು ಕಾಯಿಸಿ, ಬಸ್ಸು ಹಿಡಿದು, ಸೊಪ್ಪು ಸೋಸಿ, ಮಲಗಿದ ವರ್ಷ? ಅದಕ್ಕೇ ಒಂದು ಕೋರಿಕೆ ಇಟ್ಟುಕೊಂಡು ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಓದಿ.

ನನ್ನ ತಂದೆ ಕೆ.ಆರ್. ನಗರದ ಹತ್ತಿರ ಒಂದು ಹಳ್ಳಿಯಲ್ಲಿ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದರು. ಅವರ ಹತ್ತಿರ ಒಂದು ಅಗ್ಫಾ ಕ್ಲಿಕ್ 3 ಕ್ಯಾಮೆರಾ ಇತ್ತು. ಐವತ್ತು ದಾಟಿದ ಓದುಗರಲ್ಲಿ ಕೆಲವರಿಗಾದರೂ ಅದು ನೆನಪಿರುತ್ತದೆ. ಅದಕ್ಕೆ ಹಾಕುವ 120 ರೀಲಿನಲ್ಲಿ ಹನ್ನೆರಡೇ ಫೋಟೋ. ಹಿಂಬದಿಯಲ್ಲಿ ಪುಟ್ಟದೊಂದು ಕೆಂಪು ಕಿಟಕಿ, ಒಂದು ಫೋಟೋ ತೆಗೆದ ಮೇಲೆ ತಿರುಗಣೆ ತಿರುಗಿಸುತ್ತಾ ಆ ಕಿಟಕಿಯಲ್ಲಿ ಮುಂದಿನ ನಂಬರ್ ಮೂಡುವುದನ್ನು ನೋಡಬೇಕು. ಆ ಕೆಲಸ ನನ್ನದು. ಅಪ್ಪನ ಹತ್ತಿರ ಫ್ಲಾಶ್ ಇರಲಿಲ್ಲ, ಹಾಗಾಗಿ ಬಿಸಿಲಿದ್ದರೆ ಮಾತ್ರ ಫೋಟೋ. ಮೇಷ್ಟ್ರ ಸಂಬಳದಲ್ಲಿ ವರ್ಷಕ್ಕೆ ಒಂದೇ ರೀಲು. ಗೌರಿ ಹಬ್ಬಕ್ಕೆ ಎಲ್ಲರನ್ನೂ ನಿಲ್ಲಿಸಿ ಒಂದು ತೆಗೆಯುತ್ತಿದ್ದರು. ಉಳಿದ ಹನ್ನೊಂದು ಯಾವುವು ಗೊತ್ತಾ? ಚಾಪೆ ಮೇಲೆ ಹಪ್ಪಳ ಒಣಹಾಕುತ್ತಿರುವ ಅಮ್ಮ, ಗೋಡೆಗೆ ಒರಗಿಸಿದ ಸೈಕಲ್ಲು, ಮಳೆ ನಿಂತ ಮೇಲಿನ ಹೆಂಚು, ಬಾವಿಕಟ್ಟೆ. ಬಾವಿ ಫೋಟೋ ಯಾಕಪ್ಪ, ದಿನಾ ನೋಡ್ತೀವಲ್ಲ ಅಂತ ಕೇಳಿದ್ದೆ. "ದಿನಾ ನೋಡ್ತೀವಲ್ಲ ಮಗಾ, ಅದಕ್ಕೇ" ಅಂದಿದ್ದರು. ಆ ಮನೆ ಮಾರಿದ್ದಾಯಿತು, ಕೊಂಡವರು ಬಾವಿ ಮುಚ್ಚಿದ್ದೂ ಆಯಿತು. ಹಗ್ಗ ಉಜ್ಜಿ ಉಜ್ಜಿ ಆ ಕಲ್ಲಿನಲ್ಲಿ ಎಷ್ಟು ಆಳ ಗೀರು ಬಿದ್ದಿತ್ತು ಅಂತ ನನ್ನ ಮಗಳಿಗೆ ತೋರಿಸಬೇಕಾದರೆ ಈಗ ಅಪ್ಪನ ಆ ಚೌಕದ ಫೋಟೋ ಒಂದೇ ಇರುವುದು.

ಈಗ ನನ್ನ ವಿಷಯ. ಡಿಸೆಂಬರ್ ಮೊದಲ ಭಾನುವಾರ ಫೋನು ಜಾಗವಿಲ್ಲ ಅಂತ ತೋರಿಸತೊಡಗಿತು. ಬೇಡದ್ದನ್ನು ಅಳಿಸೋಣ ಅಂತ ಕೂತೆ. ಈ ವರ್ಷದ್ದೇ 6,214 ಫೋಟೋ ಇದ್ದವು. ಕರೆಂಟ್ ಬಿಲ್, ಗ್ಯಾಸ್ ಬುಕ್ ಮಾಡಿದ ಸ್ಕ್ರೀನ್‌ಶಾಟ್, ಮಗಳ ಟೈಮ್‌ಟೇಬಲ್, ಗ್ರೂಪುಗಳಲ್ಲಿ ಬಂದ ಗುಡ್ ಮಾರ್ನಿಂಗ್ ಗುಲಾಬಿಗಳು, ಒಂದೇ ಕೇಕಿನ ಇಪ್ಪತ್ತೆಂಟು ಫೋಟೋ. ಅಳಿಸುತ್ತಾ ಅಳಿಸುತ್ತಾ ಅಮ್ಮನ ಫೋಟೋ ಹುಡುಕಿದೆ. ಅಮ್ಮ ನಮ್ಮ ಜೊತೆಯಲ್ಲೇ ಇದ್ದಾರೆ, ಅವರಿಗೆ ಈಗ 78. ಸಿಕ್ಕಿದ್ದು ಮೂರು. ಮೂರೂ ಮದುವೆ ಮನೆಯವು, ರೇಷ್ಮೆ ಸೀರೆ ಉಟ್ಟು, ಕೈ ಕಟ್ಟಿಕೊಂಡು, ಕ್ಯಾಮೆರಾ ಕಡೆ ನೆಟ್ಟಗೆ ನೋಡುತ್ತಾ ನಿಂತವು. ನಾನು ದಿನಾ ನೋಡುವ ಅಮ್ಮ, ಅಂದರೆ ಮಾಸಿದ ಹತ್ತಿ ಸೀರೆಯಲ್ಲಿ ಅಡುಗೆಮನೆ ಬಾಗಿಲಿಗೆ ಒರಗಿ ಮೊಣಕಾಲು ನೀವಿಕೊಳ್ಳುತ್ತಾ ಪಕ್ಕದ ಮನೆಯವರ ಜೊತೆ ಕಿಟಕಿಯಿಂದಲೇ ಮಾತಾಡುವ ಅಮ್ಮ, ಅಷ್ಟು ಸಾವಿರದಲ್ಲಿ ಒಂದರಲ್ಲೂ ಇರಲಿಲ್ಲ. ನನಗೆ ನಿಜವಾಗಿಯೂ ಸಂಕಟವಾಯಿತು.

ಇನ್ನೊಂದು ಕಂಡಿತು. ಜೂನ್, ಜುಲೈ ಎರಡು ತಿಂಗಳು ಪೂರ್ತಿ ಎಕ್ಸ್‌ರೇ, ರಿಪೋರ್ಟು, ಔಷಧಿ ಚೀಟಿ. ಅಮ್ಮನ ಮೊಣಕಾಲಿನ ಆಪರೇಷನ್ ಆಗಿದ್ದು ಆಗ. ಆ ಎರಡು ತಿಂಗಳಲ್ಲಿ ಮಳೆ ಬಂದಿತ್ತಾ, ಮನೆ ಮುಂದಿನ ಸಂಪಿಗೆ ಹೂ ಬಿಟ್ಟಿತ್ತಾ, ನನಗೆ ಏನೇನೂ ನೆನಪಿಲ್ಲ. ಆದರೆ ಆ ಚೀಟಿಗಳ ಮಧ್ಯೆ ಒಂದು ಫೋಟೋ ಇತ್ತು, ಯಾವಾಗ ತೆಗೆದೆ ಅನ್ನುವುದೇ ಮರೆತಿತ್ತು. ಸಮಯ ಬೆಳಗ್ಗೆ 5.52. ಆಸ್ಪತ್ರೆಯ ಕಿಟಕಿ ಕಟ್ಟೆ, ಅದರ ಮೇಲೆ ಒಂದು ಸ್ಟೀಲ್ ಲೋಟ, ಲೋಟದಿಂದ ಹಬೆ ಏಳುತ್ತಿದೆ, ಹೊರಗೆ ಆಗತಾನೇ ಬೆಳಕು ಹರಿಯುತ್ತಿದೆ. ಪಕ್ಕದ ಬೆಡ್ಡಿನವರ ಸೊಸೆ ರಾತ್ರಿಯೆಲ್ಲ ನಾನು ಕೂತಿದ್ದನ್ನು ನೋಡಿ, ಕೇಳದೆ ಇದ್ದರೂ ಫ್ಲಾಸ್ಕಿನಿಂದ ಬಗ್ಗಿಸಿ ಕೊಟ್ಟ ಕಾಫಿ ಅದು. ಅವರ ಹೆಸರೂ ನನಗೆ ಗೊತ್ತಿಲ್ಲ. ಅಷ್ಟು ಸುಸ್ತಾಗಿದ್ದಾಗಲೂ ಆ ಹಬೆ ಚೆನ್ನಾಗಿದೆ ಅಂತ ನನ್ನ ಕಣ್ಣಿಗೆ ಬಿದ್ದಿತ್ತಲ್ಲ! ಫೋನು ತಾನೇ ತಾನಾಗಿ ಹಾಡು ಸೇರಿಸಿ 'ನಿಮ್ಮ ವರ್ಷ' ಅಂತ ಒಂದು ವಿಡಿಯೋ ಮಾಡಿಕೊಟ್ಟಿತ್ತು. ಅದರಲ್ಲಿ ಬರೀ ನಗುವ ಮುಖಗಳು, ಕೇಕು, ಕಾರಿನ ಟ್ರಿಪ್ಪು. ಈ ಲೋಟ ಇರಲಿಲ್ಲ. ನನ್ನ ವರ್ಷ ಯಾವುದು ಅಂತ ನಾನೇ ಕೂತು ಆರಿಸಬೇಕು ಅನ್ನಿಸಿದ್ದು ಆಗಲೇ. ಎಷ್ಟು ಅಂದರೆ, ಅಪ್ಪನ ಲೆಕ್ಕದಲ್ಲಿ, ಹನ್ನೆರಡು.

ಆ ದಿನದಿಂದ ದಿನಕ್ಕೊಂದು ಫೋಟೋ ಅಂತ ಶುರು ಮಾಡಿದೆ. ಒಂದೇ. ಮನೆಯೊಳಗೆ ಅಥವಾ ನಾನು ನಡೆದು ಹೋಗುವಷ್ಟು ದೂರದಲ್ಲಿ.

ಇದಕ್ಕೆ ಡಿಸೆಂಬರಿಗಿಂತ ಒಳ್ಳೆಯ ತಿಂಗಳು ಇಲ್ಲ. ಮೇ, ಜೂನ್‌ನಲ್ಲಿ ಮಧ್ಯಾಹ್ನದ ಹೊತ್ತಿಗೆ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ವಾಲಿರುತ್ತಾನೆ, ದಕ್ಷಿಣದ ಕಿಟಕಿಗೆ ಬಿಸಿಲೇ ಬೀಳುವುದಿಲ್ಲ. ಡಿಸೆಂಬರ್ 21ರ ಆಸುಪಾಸಿನಲ್ಲಿ ಮೈಸೂರಿನಲ್ಲಿ ನಡುಮಧ್ಯಾಹ್ನವೂ ಅವನು ಸುಮಾರು 54 ಡಿಗ್ರಿ ಎತ್ತರಕ್ಕಷ್ಟೇ ಏರುವುದು. ಹಾಗಾಗಿ ಬಿಸಿಲು ಓರೆಯಾಗಿ ಮನೆಯೊಳಗೆ ನಡೆದು ಬರುತ್ತದೆ. ನಮ್ಮ ನಡುಮನೆಯಲ್ಲಿ ಅದು ದಿವಾನ್ ಕಾಟಿನ ಕಾಲಿನವರೆಗೂ ಬರುತ್ತದೆ, ಹದಿನಾಲ್ಕು ವರ್ಷದಿಂದ ಇದೇ ಮನೆಯಲ್ಲಿದ್ದೇನೆ, ಈ ಸಲವೇ ಗಮನಿಸಿದ್ದು. ಅಮ್ಮನಿಗೆ ಮಾತ್ರ ಮೊದಲೇ ಗೊತ್ತಿತ್ತು. ಅವರು ಸರಿಯಾಗಿ ಆ ಬಿಸಿಲಿನ ಚೌಕದೊಳಗೇ ಕಾಲು ಚಾಚಿ ಕೂತು, ರಾತ್ರಿ ನೆನೆಹಾಕಿದ ಅವರೆಕಾಳು ಹಿತಕುತ್ತಿದ್ದರು. ಹೆಬ್ಬೆರಳು ತೋರುಬೆರಳ ಮಧ್ಯೆ ಒತ್ತಿದರೆ ಕಾಳು ಚಿಮ್ಮಿ ತಟ್ಟೆಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಸಿಪ್ಪೆಯ ರಾಶಿ ಬಿಸಿಲಿಗೆ ಮುತ್ತಿನ ಹಾಗೆ ಹೊಳೆಯುತ್ತಿತ್ತು. ಮನೆಯೆಲ್ಲ ಅವರೆಯ ಸೊಗಡು. "ಏನೇ ಅದು, ಈ ಹಳೇ ಸೀರೇಲಿ ಫೋಟೋ ತೆಗೀತೀಯ?" ಅಂತ ಗದರಿದರು. ತೆಗೆದು ತೋರಿಸಿದೆ. ಸುಮಾರು ಹೊತ್ತು ನೋಡಿ, "ನನ್ನ ಕೈ ನಮ್ಮಮ್ಮನ ಕೈ ಆಗಿಬಿಟ್ಟಿದೆ" ಅಂದರು. ನಮ್ಮ ಅಜ್ಜಿಯ ಒಂದೂ ಫೋಟೋ ನಮ್ಮಲ್ಲಿಲ್ಲ.

ಇಂಥ ನೋಟ ನಮ್ಮ ಮೈಸೂರಿಗೆ ಹೊಸದಲ್ಲ. ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರು ನಮ್ಮೂರಿನವರೇ ಅಲ್ವಾ? ಹುಟ್ಟಿದ್ದು 1923ರ ಡಿಸೆಂಬರ್ 18, ತೀರಿಕೊಂಡಿದ್ದು 2009ರ ಡಿಸೆಂಬರ್ 13, ಎರಡೂ ಈ ತಿಂಗಳಲ್ಲೇ. ದೊಡ್ಡ ದೊಡ್ಡ ಘಟನೆಗಳನ್ನೂ ಗಣ್ಯರನ್ನೂ ಅವರು ತೆಗೆದಿದ್ದಾರೆ, 1977ರಲ್ಲಿ ಪದ್ಮಶ್ರೀಯೂ ಬಂತು. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಅವರ ಕಪ್ಪುಬಿಳುಪಿನ ಮಕ್ಕಳು, ಕೆಲಸ ಮಾಡುವವರು, ಬೀದಿಯ ಜನ. ಮಕ್ಕಳ ಅಂತರರಾಷ್ಟ್ರೀಯ ವರ್ಷವಾದ 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಕ್ಕೆ ಹೋದದ್ದೂ ನಮ್ಮ ನಿಮ್ಮ ಮನೆಯ ಮಕ್ಕಳಂಥ ಮಕ್ಕಳ ಫೋಟೋಗಳೇ. ಅವರಷ್ಟು ಕೌಶಲ ನಮಗೆ ಬರುವುದಿಲ್ಲ, ಆದರೆ ಅವರು ನೋಡಿದ ಕಡೆ ನಾವೂ ನೋಡಬಹುದು.

ಒಂದು ಬೆಳಗ್ಗೆ ದೇವರಾಜ ಮಾರ್ಕೆಟ್ಟಿಗೆ ಹೋಗಿದ್ದೆ. ಸೇವಂತಿಗೆ ಮಾರುವ ಒಬ್ಬರು ಮೊಳ ಹಾಕಿ ಹೂವು ಅಳೆಯುತ್ತಿದ್ದರು. ಫೋಟೋ ತೆಗೆಯಲಾ ಅಂತ ಕೇಳಿದೆ. "ನನ್ನ ಮುಖ ಬ್ಯಾಡ ಕಣಮ್ಮ, ಹೂವಿಂದ್ ತಕ್ಕೊ" ಅಂದರು. ಹಾಗಾಗಿ ಮುಖ ಬಿಟ್ಟು ಕೈ, ಹೂವು, ಒದ್ದೆ ಗೋಣಿಚೀಲ ಇಷ್ಟೇ ತೆಗೆದೆ. ಮನೆಗೆ ಬಂದು ನೋಡಿದರೆ ಮುಖ ಇಲ್ಲದ್ದರಿಂದಲೇ ಆ ಕೈ ಅಷ್ಟು ಚೆನ್ನಾಗಿ ಕಾಣುತ್ತಿತ್ತು, ಮೊಣಕೈಯಿಂದ ಬೆರಳ ತುದಿಯವರೆಗೆ ಹಳದಿ. ಕೇಳದೆ ಯಾರ ಫೋಟೋವನ್ನೂ ತೆಗೆಯಬಾರದು, ಇದನ್ನು ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ. ಅವರ ಬೆಳಗು ಅವರದ್ದು. ನಮಗೆ ಚೆಂದ ಕಂಡಿತು ಅಂತ ಎತ್ತಿಕೊಂಡು ಬರುವಂತಿಲ್ಲ.

ಫೋಟೋ ತೆಗೆಯುವ ಭರದಲ್ಲಿ ಜನ ನೋಡುವುದನ್ನೇ ಬಿಟ್ಟಿದ್ದಾರೆ ಅಂತ ನಿಮ್ಮ ವಾಚಕರ ಪತ್ರಗಳಲ್ಲೇ ಎಷ್ಟೋ ಸಲ ಓದಿದ್ದೇನೆ. ಸರಿ ಇದೆ. ಜಂಬೂಸವಾರಿಯಲ್ಲಿ ಮುಂದಿನವರು ಎತ್ತಿ ಹಿಡಿದ ಫೋನುಗಳ ಸಂದಿಯಲ್ಲಿ ಅಂಬಾರಿ ನೋಡುವ ಪಾಡು ನನಗೂ ಗೊತ್ತು. ಆದರೆ ದಿನಕ್ಕೊಂದೇ ಅಂತ ಕಟ್ಟು ಹಾಕಿಕೊಂಡರೆ ಬೇರೆಯೇ ಆಗುತ್ತದೆ. ಬೆಳಗ್ಗೆ ಏಳೂವರೆಗೇ ತೆಗೆದುಬಿಟ್ಟರೆ ಸಂಜೆ ಇನ್ನೂ ಚೆನ್ನಾಗಿರುವುದು ಸಿಕ್ಕಿದರೆ ಏನು ಮಾಡುವುದು? ಹಾಗಾಗಿ ಇಡೀ ದಿನ ಕಣ್ಣು ತೆರೆದೇ ಇರುತ್ತದೆ. ಎಷ್ಟೋ ಸಲ ಫೋನು ತೆಗೆಯುವುದೇ ಇಲ್ಲ, ಸುಮ್ನೆ ನಿಂತು ನೋಡಿ ಮುಂದೆ ಹೋಗುತ್ತೇನೆ. ನಮ್ಮ ಬೀದಿಯ ಆಕಾಶಮಲ್ಲಿಗೆ ಮರದ ಕೆಳಗೆ ಉದುರಿದ ಹೂವನ್ನು ಪೌರಕಾರ್ಮಿಕರೊಬ್ಬರು ಗುಡಿಸುವ ಮೊದಲು ನಾಲ್ಕೈದು ಆರಿಸಿ ಗಾಡಿಯ ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡರು. ಅದನ್ನು ತೆಗೆಯಲಿಲ್ಲ, ಆದರೆ ಈಗಲೂ ಕಣ್ಣ ಮುಂದೆ ಹಾಗೇ ಇದೆ.

ಆರಿಸಿದ್ದನ್ನು ಪ್ರಿಂಟ್ ಹಾಕಿಸಿ ಅಂತ ಓದುಗರಲ್ಲಿ ಕೇಳಿಕೊಳ್ಳುತ್ತೇನೆ. ಎರಡು ವರ್ಷದ ಹಿಂದೆ ನನ್ನ ಹಳೆಯ ಫೋನು ನೀರಿನ ಬಕೆಟ್ಟಿಗೆ ಬಿದ್ದು, ಮಗಳ ಮೂರು ವರ್ಷದ ಫೋಟೋಗಳು ಹೋದವು. ಅಪ್ಪನ ಫೋಟೋಗಳು ಒಂದು ಬಿಸ್ಕೆಟ್ ಡಬ್ಬದಲ್ಲಿ ನಲವತ್ತು ವರ್ಷದಿಂದ ಹಾಗೇ ಇವೆ. ಹಿಂಬದಿಯಲ್ಲಿ ನೀಲಿ ಇಂಕಿನಲ್ಲಿ ತಾರೀಖು, ಒಂದು ಸಾಲು. ಬಾವಿಯ ಫೋಟೋ ಹಿಂದೆ 'ನೀರು ಮೇಲೆ ಬಂದಿದೆ' ಅಂತಿದೆ. ಆ ವರ್ಷ ಮಳೆ ಚೆನ್ನಾಗಿ ಆಗಿತ್ತು ಅಂತ ಅದರಿಂದಲೇ ಗೊತ್ತಾಗುತ್ತದೆ. ನಾನೂ ಹಾಗೇ ಬರೆಯುತ್ತಿದ್ದೇನೆ. ಬರೆಯಲು ಕೂತಾಗ ಈ ಫೋಟೋ ಯಾಕೆ ಬೇಕು ಅಂತ ನಮಗೆ ನಾವೇ ಉತ್ತರ ಕೊಡಬೇಕಾಗುತ್ತದೆ, ಕೆಲವಕ್ಕೆ ಉತ್ತರ ಸಿಗದೆ ಪಕ್ಕಕ್ಕೆ ಇಟ್ಟಿದ್ದೂ ಇದೆ.

ಈಗ ನನ್ನ ಕೋರಿಕೆ. ನಿಮ್ಮ ವರ್ಷಾಂತ್ಯದ ಚಿತ್ರಗಳ ಜೊತೆಗೆ, ಇಲ್ಲವೇ ಜನವರಿಯ ಮೊದಲ ಭಾನುವಾರ, ಒಂದು ಪುಟವನ್ನು ಓದುಗರಿಗೆ ಬಿಟ್ಟುಕೊಡಿ. ಬಹುಮಾನ ಬೇಡ, ಸ್ಪರ್ಧೆ ಬೇಡ. ಸ್ಪರ್ಧೆ ಅಂದ ಕೂಡಲೇ ಜನ ಜೋಗಕ್ಕೋ ಹಂಪಿಗೋ ಹೋಗಿ ಸೂರ್ಯಾಸ್ತ ತೆಗೆದು ಕಳಿಸುತ್ತಾರೆ. ಮನೆ, ಬೀದಿ, ಹೊಲ, ಕೆಲಸದ ಜಾಗ ಇಷ್ಟರಲ್ಲೇ ತೆಗೆದಿದ್ದು ಸಾಕು, ಜೊತೆಗೆ ಒಂದು ಸಾಲು. ವಿಜಯಪುರದವರು ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಬುತ್ತಿ ಬಿಚ್ಚಿದ್ದನ್ನು ಕಳಿಸಲಿ, ಮಡಿಕೇರಿಯವರು ಕಣದಲ್ಲಿ ಹರವಿದ ಕಾಫಿ ಹಣ್ಣನ್ನು, ದುಬೈನಲ್ಲಿರುವ ಮಂಗಳೂರಿನ ಹುಡುಗ ರೂಮಿನಲ್ಲಿ ತಾನೇ ಬೇಯಿಸಿಕೊಂಡ ಕುಚ್ಚಲಕ್ಕಿ ಗಂಜಿಯನ್ನು. ನಾನಂತೂ ಎಲ್ಲವನ್ನೂ ಕೂತು ನೋಡುತ್ತೇನೆ.

ಮೊದಲ ಕವರ್ ನನ್ನದೇ ಇರಲಿ. ಆ ಸ್ಟೀಲ್ ಲೋಟದ ಫೋಟೋ ಪ್ರಿಂಟ್ ಹಾಕಿಸಿಟ್ಟಿದ್ದೇನೆ, ಹಿಂದೆ 'ಪಕ್ಕದ ಬೆಡ್ಡಿನವರು ಕೊಟ್ಟ ಕಾಫಿ' ಅಂತ ಬರೆದಿದ್ದೇನೆ. ಅವರೂ ನಿಮ್ಮ ಪತ್ರಿಕೆ ಓದುವವರಾಗಿದ್ದರೆ ಅವರಿಗೆ ಗೊತ್ತಾಗುತ್ತದೆ.

ಇಂತಿ,
ಒಬ್ಬ ಓದುಗಿ,
ಕುವೆಂಪುನಗರ, ಮೈಸೂರು