ಅತ್ತೆಯ ಲೋಟ

ಪೆರ್ಲ, ಕಾಸರಗೋಡು
ಭಾನುವಾರ ರಾತ್ರಿ

ಮಗಳೇ,

ಅತ್ತೆಗೆ ಹೊಟ್ಟೆ ಸರಿಯಿರುವುದಿಲ್ಲ, ಮಾವನಿಗೆ ಶುಗರು, ಮಗು ಸಣ್ಣದು ಎಂದು ಹೇಳಿ, "ಒಂದು ಮನೆಗೆ ಮೂರು ಬಗೆ ಹಾಲು ತಂದರೆ ಅತ್ತೆ ಮಾವ ಏನು ತಿಳಿದುಕೊಂಡಾರು ಅಮ್ಮಾ" ಎಂದು ನೀನು ಫೋನಿನಲ್ಲಿ ಕೇಳಿದಾಗ ನಿನ್ನಪ್ಪ ಪಕ್ಕದಲ್ಲೇ ಕೂತಿದ್ದರು. ಅಜ್ಜಿಯ ಆ ವಿಷಯ ಅವರೆದುರು ತೆಗೆಯಲು ಇವತ್ತಿಗೂ ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಈ ಮನೆಗೆ ಬಂದಾಗ ಹಟ್ಟಿಯಲ್ಲಿ ಗಿಡ್ಡ ತಳಿಯ ಮೂರು ದನಗಳಿದ್ದವು. ರಾತ್ರಿ ಊಟವಾದ ಮೇಲೆ ನನ್ನ ಅತ್ತೆಗೆ, ಅಂದರೆ ನಿನ್ನ ಅಜ್ಜಿಗೆ, ಹಾಲು ಕೊಡುವುದು ನನ್ನ ಕೆಲಸ. ಕಂಚಿನ ಲೋಟ, ಚೂರು ಬೆಲ್ಲ, ಮೇಲೆ ದಪ್ಪ ಕೆನೆ. ಒಂದು ದಿನವೂ ಅವರು ಬೇಡ ಅನ್ನಲಿಲ್ಲ. ನಡುರಾತ್ರಿ ಹಿತ್ತಿಲ ಬಾಗಿಲ ಚಿಲಕ ತೆಗೆಯುವ ಸದ್ದು ಕೇಳುತ್ತಿತ್ತು. ಹೊಟ್ಟೆಯುಬ್ಬರ, ಭೇದಿ. ಬೆಳಿಗ್ಗೆ ಓಮದ ಕಷಾಯ ಮಾಡಿ ಕೊಡುತ್ತಿದ್ದೆ, ರಾತ್ರಿ ಮತ್ತೆ ಹಾಲು ಕೊಡುತ್ತಿದ್ದೆ. ಹೀಗೆ ಹನ್ನೊಂದು ವರ್ಷ. ಕೊನೆಗೆ ಒಬ್ಬರು ಡಾಕ್ಟರು "ಹಾಲು ಕುಡಿದ ಮೇಲೆ ಹೀಗಾಗುವುದಾ?" ಎಂದು ಕೇಳಿದಾಗ ಅತ್ತೆ ನನ್ನ ಮುಖ ನೋಡಿದರು. "ಸೊಸೆ ಪ್ರೀತಿಯಿಂದ ತಂದುಕೊಡುವಾಗ ಬೇಡ ಅನ್ನುವುದು ಹೇಗೆ" ಎಂದರು, ಮೆಲ್ಲಗೆ. ಆ ಮಾತು ನನ್ನ ಎದೆಯಲ್ಲಿ ಹಾಗೇ ಇದೆ.

ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇರುತ್ತದೆ, 100 ಮಿಲಿಗೆ ಹೆಚ್ಚುಕಡಿಮೆ 5 ಗ್ರಾಂ. ಅದನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಪ್ರಾಯವಾಗುತ್ತಾ ಹಲವರ ಕರುಳಿನಲ್ಲಿ ಕಡಿಮೆಯಾಗುತ್ತದೆ. ಒಡೆಯದೆ ಉಳಿದ ಸಕ್ಕರೆ ದೊಡ್ಡ ಕರುಳಿಗೆ ಹೋಗಿ ಹುಳಿಯುತ್ತದೆ. ಗಾಳಿ, ಗುಡುಗುಡು, ಭೇದಿ ಎಲ್ಲ ಅದರಿಂದ. ನಿನ್ನ ಅತ್ತೆಗೆ ಆಗುತ್ತಿರುವುದೂ ಅದೇ ಇರಬೇಕು ಅಂತ ನನಗೆ ಅನ್ನಿಸುತ್ತದೆ. ಒಮ್ಮೆ ಡಾಕ್ಟರಿಗೆ ತೋರಿಸಿ ಖಚಿತ ಮಾಡಿಕೊಳ್ಳಿ.

ನಮ್ಮ ಗಿಡ್ಡದ ಹಾಲು ಕಳಿಸು, ಅದು ಎ2 ಹಾಲು, ಅತ್ತೆಗೆ ಒಗ್ಗುತ್ತದೆ ಎಂದೆಯಲ್ಲ? ನಮ್ಮ ದನದ ಮೇಲೆ ನನಗೆ ಎಷ್ಟು ಪ್ರೀತಿ ಎಂದು ನಿನಗೆ ಗೊತ್ತು. ಆದರೂ ಇದ್ದದ್ದು ಹೇಳಬೇಕು. ಎ2 ಎನ್ನುವುದು ಹಾಲಿನ ಒಂದು ಪ್ರೋಟೀನಿನ ಬಗೆ. ಲ್ಯಾಕ್ಟೋಸ್ ಗಿಡ್ಡದ ಹಾಲಿನಲ್ಲೂ ಇದೆ, ಪ್ಯಾಕೆಟಿನ ಹಾಲಿನಲ್ಲೂ ಇದೆ. ಅಜ್ಜಿ ಕುಡಿದದ್ದು ಗಿಡ್ಡದ ಹಾಲನ್ನೇ ಅಲ್ಲವಾ.

ಅತ್ತೆಗೆ ಲ್ಯಾಕ್ಟೋಸ್ ತೆಗೆದ ಹಾಲು ಸಿಗುತ್ತದೆ. ಅದರಲ್ಲಿ ಕಿಣ್ವ ಹಾಕಿ ಸಕ್ಕರೆಯನ್ನು ಮೊದಲೇ ಒಡೆದಿರುತ್ತಾರೆ, ಹಾಗಾಗಿ ತುಸು ಹೆಚ್ಚು ಸಿಹಿ. ಸುಣ್ಣದಂಶ, ಪ್ರೋಟೀನ್ ಏನೂ ಹೋಗಿರುವುದಿಲ್ಲ. ಬೆಲೆ ಜಾಸ್ತಿ. ದಿನವೂ ಬೇಡವೆಂದರೆ ಚೆನ್ನಾಗಿ ಹೆಪ್ಪಾದ ಮೊಸರು, ಮಜ್ಜಿಗೆ ಕೊಟ್ಟು ನೋಡು. ಹೆಪ್ಪಾಗುವಾಗ ಲ್ಯಾಕ್ಟೋಸ್ ಒಂದಷ್ಟು ಕಡಿಮೆಯಾಗುವುದರಿಂದ ಹಲವರಿಗೆ ಅದು ಒಗ್ಗುತ್ತದೆ. ಅಜ್ಜಿ ಕೊನೆಯವರೆಗೂ ಮಜ್ಜಿಗೆ ಹಾಕಿದ ಒಂದೆಲಗದ ತಂಬುಳಿ ಉಂಡರು, ಏನೂ ಆಗಲಿಲ್ಲ.

ಮಾವನಿಗೆ ಡಾಕ್ಟರು ಕೊಬ್ಬು ಕಡಿಮೆ ಮಾಡಿ ಎಂದಿದ್ದಾರಾದರೆ ಡಬಲ್ ಟೋನ್ಡ್ ತಾ. ಅದರಲ್ಲಿ ಕೊಬ್ಬು ಶೇ. 1.5, ಟೋನ್ಡ್ ಹಾಲಿನಲ್ಲಿ 3, ಫುಲ್ ಕ್ರೀಮಿನಲ್ಲಿ 6. ಕವರಿನ ಬಣ್ಣ ನೋಡಿ ತರಬೇಡ, ಒಂದೊಂದು ಕಂಪೆನಿಗೆ ಒಂದೊಂದು ಬಣ್ಣ. ಕವರಿನ ಮೇಲೆ ಮಲಯಾಳದಲ್ಲಿ ಬರೆದದ್ದು ನಿನ್ನ ಅತ್ತೆಗೆ ಓದಲು ಬರುವುದಿಲ್ಲ, ಅಂಕಿ ತೋರಿಸಿಕೊಡು. ಕೊಬ್ಬು ಇಳಿದರೆ ಸಕ್ಕರೆ ಇಳಿಯುವುದಿಲ್ಲ ಎಂಬುದನ್ನೂ ಹೇಳು. ಮಾವ ಶುಗರಿನವರು, ಕುಡಿದಷ್ಟೂ ಲೆಕ್ಕವೇ.

ಆ ತೆಳು ಹಾಲನ್ನು ನನ್ನ ಪುಳ್ಳಿಗೆ, ನಿನ್ನ ಮಗನಿಗೆ, ಮಾತ್ರ ಕೊಡಬೇಡ. ಅವನಿಗೆ ವರ್ಷ ತುಂಬಿತಷ್ಟೆ. ಎರಡು ವರ್ಷದವರೆಗೆ ಮಕ್ಕಳಿಗೆ ಹಾಲಿನ ಕೊಬ್ಬು ಬೇಕು. ಕೆನೆ ತೆಗೆಯದ ಹಾಲು, ಚೆನ್ನಾಗಿ ಕಾಯಿಸಿ ಕೊಡು, ಹಸಿ ಹಾಲು ಬೇಡವೇ ಬೇಡ. ದಿನಕ್ಕೆ ಅರ್ಧ ಲೀಟರು ದಾಟಬಾರದು. ಹಾಲಿನಲ್ಲಿ ಕಬ್ಬಿಣದಂಶ ತೀರ ಕಡಿಮೆ, ಹಾಲಲ್ಲೇ ಹೊಟ್ಟೆ ತುಂಬಿಸಿದರೆ ಮಗು ಊಟ ಬಿಟ್ಟು ಬಿಳಿಚಿಕೊಳ್ಳುತ್ತದೆ. ಹಾಲು ಕುಡಿದೊಡನೆ ಮೈಮೇಲೆ ದದ್ದು ಎದ್ದರೆ, ವಾಂತಿಯಾದರೆ, ಅದು ಅತ್ತೆಯ ತೊಂದರೆಯಂಥದ್ದಲ್ಲ, ಅಲರ್ಜಿ ಇರಬಹುದು. ಹಾಲು ನಿಲ್ಲಿಸಿ ಕೂಡಲೇ ಡಾಕ್ಟರ ಹತ್ತಿರ ಹೋಗು. ಲ್ಯಾಕ್ಟೋಸ್ ತೆಗೆದ ಹಾಲು ಅದಕ್ಕೆ ಮದ್ದಲ್ಲ.

ಅಳಿಯಂದಿರು ತರುವ ಬಾದಾಮಿ ಹಾಲು ಅವರಿಗೆ ರುಚಿಸಿದರೆ ಕುಡಿಯಲಿ. ಅದರಲ್ಲಿ ನೀರೇ ಹೆಚ್ಚು, ಪ್ರೋಟೀನ್ ಕಡಿಮೆ. ಪ್ರೋಟೀನಿನಲ್ಲಿ ದನದ ಹಾಲಿಗೆ ಹತ್ತಿರ ಬರುವುದು ಸೋಯಾ ಹಾಲು. ನಮ್ಮ ಕಾಯಿಹಾಲು ಪಾಯಸಕ್ಕೆ ಸರಿ, ಅದರಿಂದ ಸುಣ್ಣದಂಶ ಸಿಕ್ಕೀತು ಎಂದು ನಂಬಬೇಡ.

ಖರ್ಚು ಜಾಸ್ತಿ ಎಂದು ಹೆದರಬೇಡ. ಬಗೆ ಮೂರಾದರೂ ಕುಡಿಯುವವರು ಅಷ್ಟೇ ಜನ, ಸಣ್ಣ ಪ್ಯಾಕೆಟು ಸಾಕು.

ನಾಳೆ ಅಡುಗೆಮನೆಯಲ್ಲಿ ನೀವಿಬ್ಬರೇ ಇರುವಾಗ ಅತ್ತೆಯನ್ನು ಕೇಳು, ಹಾಲು ಕುಡಿದ ರಾತ್ರಿ ಹೊಟ್ಟೆ ಹೇಗಿರುತ್ತದೆ ಎಂದು. ಮೊದಲ ಸಲ "ಏನಿಲ್ಲ ಮಗಾ" ಎಂದಾರು. ಇನ್ನೊಮ್ಮೆ ಕೇಳು. ನಾನು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ.

ಶನಿವಾರ ಅಪ್ಪ ಕಾಸರಗೋಡು ಪೇಟೆಗೆ ಬರುತ್ತಾರೆ. ಪುಳ್ಳಿಗೆ ಮಣ್ಣಿ ಕಾಸಿ ತಿನ್ನಿಸಲು ರಾಗಿ, ಅತ್ತೆಗೆ ಒಂದೆಲಗ ಕಳಿಸುತ್ತೇನೆ.

ನಿನ್ನ
ಅಮ್ಮ